ಮಾಳಿಗೆಯ ಮೂಲೆಯ ಮೊಳೆ

ಆಕಾಶದಿಂದ ತೆಗೆದ ಚಿತ್ರ ಎಂದರೆ ಜನ ಕಣ್ಣು ಮುಚ್ಚಿ ನಂಬುತ್ತಾರೆ. ಒಳಗೆ ಕೂತು ಕೆಲಸ ಮಾಡುವವರಿಗೆ ಮಾತ್ರ ಗೊತ್ತು, ಅದರಷ್ಟು ಸೊಟ್ಟ ವಸ್ತು ಇನ್ನೊಂದಿಲ್ಲ. ಉಪಗ್ರಹ ಇವತ್ತು ನೆತ್ತಿಯ ಮೇಲಿಂದ ನೋಡುತ್ತದೆ, ಮುಂದಿನ ಸಲ ಪಕ್ಕದಿಂದ ಓರೆಗಣ್ಣಿನಲ್ಲಿ ನೋಡುತ್ತದೆ. ಗುಡ್ಡಗಳು ಒಮ್ಮೆ ಈ ಕಡೆ ವಾಲುತ್ತವೆ, ಒಮ್ಮೆ ಆ ಕಡೆ. ಎರಡು ಚಿತ್ರಗಳನ್ನು ಹಾಗೇ ಒಂದರ ಮೇಲೊಂದು ಇಟ್ಟರೆ ಕೆರೆ ಬಂದು ರಸ್ತೆಯ ಮೇಲೆ ಕೂತಿರುತ್ತದೆ, ನಿಂತಲ್ಲೇ ನಿಂತ ಆಲದಮರ ಹೊಲ ದಾಟಿ ಹೋಗಿರುತ್ತದೆ. ಆದ್ದರಿಂದ ಎಲ್ಲ ಚಿತ್ರಗಳನ್ನೂ ಒಂದೇ ಚೌಕಳಿಯ ಮೇಲೆ ಎಳೆದು ಕೂರಿಸಬೇಕು. ಆಮೇಲಷ್ಟೇ ಏನು ಬದಲಾಯಿತು, ಏನು ಇದ್ದ ಹಾಗೇ ಇದೆ ಎಂದು ಹೇಳಲು ಬರುತ್ತದೆ.

ದಾವಣಗೆರೆಯ ಹೊರವಲಯದ ಜೋಡಣೆ ಕೇಂದ್ರದಲ್ಲಿ ಪಂಪಾವತಿ ಮಾಡುತ್ತಿದ್ದ ಕೆಲಸ ಅದೇ. ಆ ಚೌಕಳಿಗೆ ಸರ್ಕಾರ ಏಕಪಟ ಎಂದು ಹೆಸರಿಟ್ಟಿತ್ತು. ಏಕಪಟ ಬರುವ ಮೊದಲು ಒಂದೇ ಬದುವನ್ನು ಇಬ್ಬರು ವಕೀಲರು ಎರಡು ಚಿತ್ರಗಳಲ್ಲಿ ಎರಡು ಕಡೆ ತೋರಿಸುತ್ತಿದ್ದರಂತೆ. ಆ ರಗಳೆಯೇ ಬೇಡವೆಂದು ಕಾನೂನು ಬಂತು. ಪಟದ ಮೇಲೆ ಕೂತ ಚಿತ್ರ ಮಾತ್ರ ಸಾಕ್ಷಿ. ಹೊಸದು ಕೂತರೆ ಹಳೆಯದು ಅಳಿಯಬೇಕು, ಉಪಗ್ರಹ ಕಳಿಸಿದ ಹಸಿ ಚಿತ್ರವಂತೂ ಕೂರಿಸಿದ ಕೂಡಲೇ ಅಳಿಯಬೇಕು. ಭೂಮಿಗೆ ಒಂದೇ ಮುಖ ಸಾಕು ಎಂದು ದೊಡ್ಡವರು ತೀರ್ಮಾನಿಸಿದ್ದರು.

ಚಿತ್ರ ಜಾರದ ಹಾಗೆ ಹಿಡಿಯಲು ಮೊಳೆ ಬೇಕು. ಮೊಳೆ ಅಂದರೆ ಎಂದೂ ಅಲುಗದ ಒಂದು ಗುರುತು: ಬಂಡೆ, ಸೇತುವೆಯ ಕಂಬ, ದೇವಸ್ಥಾನದ ಕಟ್ಟೆ. ಹಳೆ ಚಿತ್ರದಲ್ಲೂ ಹೊಸ ಚಿತ್ರದಲ್ಲೂ ಅವೇ ಗುರುತುಗಳನ್ನು ಹುಡುಕಿ, ಹೊಸದನ್ನು ಅಲ್ಲಿಗೆ ಎಳೆದು ಯಂತ್ರವೇ ಹೊಂದಿಸುತ್ತದೆ. ಸಾಮಾನ್ಯವಾಗಿ ಮೊಳೆಗಳನ್ನೂ ಅದೇ ಆರಿಸಿಕೊಳ್ಳುತ್ತದೆ. ಎಲ್ಲೋ ಚಿತ್ರದ ಒಂದೊಂದು ತುಂಡು ಮಾತ್ರ ಹಟ ಹಿಡಿಯುತ್ತದೆ. ಎಷ್ಟು ಎಳೆದರೂ ಕೂರುವುದಿಲ್ಲ. ಆಗ ಮನುಷ್ಯರು ಕೈಯಾರೆ ಗುರುತು ಹಾಕಬೇಕು. ಅದಕ್ಕೆ ಕೈಮೊಳೆ ಎನ್ನುತ್ತಿದ್ದರು. ತಾನು ಹೊಡೆದ ಮೊಳೆಯನ್ನು ಯಂತ್ರ ಅನುಮಾನಿಸೀತು, ಕೈಮೊಳೆಯನ್ನು ಮಾತ್ರ ಅನುಮಾನಿಸುತ್ತಿರಲಿಲ್ಲ.

ಪಂಪಾವತಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಟ ಹಿಡಿದ ಒಂದು ತುಂಡು ಅವಳ ಪಾಲಿಗೆ ಬಂತು. ನೋಡಿದರೆ ಅವಳದೇ ಊರು, ಕರಡಿಕೊಳ್ಳದ ಗಣಿ! ಅದಿರು ತೆಗೆದು ಬಿಸಾಕಿದ ಮಣ್ಣು ಗುಡ್ಡವಾಗಿ, ಆ ಗುಡ್ಡವನ್ನೇ ಮಟ್ಟ ಮಾಡಿ ಗಣಿಯವರು ಕಾರ್ಮಿಕರಿಗೆ ಕಟ್ಟಿಸಿದ ಮನೆಗಳ ಎರಡು ಸಾಲು ಅಲ್ಲಿದ್ದವು. ಮೇಲಿನದು ಮೇಲಿನ ಲೈನು, ಬುಡದಲ್ಲಿದ್ದದ್ದು ಕೆಳಗಿನ ಲೈನು. ಅವ್ವ ತೀರಿಕೊಂಡ ಮೇಲೆ ಅಕ್ಕ ಹುಲಿಗೆಮ್ಮ ಅವಳನ್ನು ಸಾಕಿದ್ದು, ಓದಿಸಿದ್ದು ಮೇಲಿನ ಲೈನಿನ ಮನೆಯಲ್ಲೇ. ಬೇರೆಯವರಾಗಿದ್ದರೆ ಆಚೆಯ ಬಂಡೆಗಳಿಗೆ ಮೊಳೆ ಹೊಡೆದು ಕೈತೊಳೆದುಕೊಳ್ಳುತ್ತಿದ್ದರು. ಪಂಪಾವತಿಗೆ ಆ ಜಾಗ ಅಂಗೈಯಷ್ಟು ಪರಿಚಯ. ಶಾಲೆಯ ಧ್ವಜಕಟ್ಟೆಗೆ ಒಂದು, ನೀರಿನ ಟ್ಯಾಂಕಿಗೆ ಒಂದು, ಗುಡಿಯ ಮುಂದಿನ ಕಲ್ಲಿಗೆ ಒಂದು, ಅಕ್ಕನ ಮಾಳಿಗೆಯ ಮೂಲೆಗೆ ಒಂದು ಹೊಡೆದಳು. ತುಂಡು ತಟ್ಟನೆ ಕೂತಿತು. ಜೋಡಣೆಯಲ್ಲಿ ಉಳಿದ ತಪ್ಪು ಸೊನ್ನೆ ಎಂದು ಯಂತ್ರ ತೋರಿಸಿತು. ಆ ಕೋಣೆಯಲ್ಲಿ ಸೊನ್ನೆಗೆ ದೊಡ್ಡ ಮರ್ಯಾದೆ. ಸೊನ್ನೆ ತಂದವರು ಎಲ್ಲರಿಗೂ ಮಿರ್ಚಿ ಮಂಡಕ್ಕಿ ತರಿಸುವುದು ಅಲ್ಲಿಯ ಪದ್ಧತಿ. ಅವತ್ತು ಪಂಪಾವತಿ ತರಿಸಿದ್ದಳು.

ಸುದ್ದಿ ಊರಿಗೂ ಮುಟ್ಟಿತು. "ನಮ್ಮ ಪಂಪಿ ನಮ್ಮನಿಗೆ ಆಕಾಶದಿಂದ ಮೊಳಿ ಹೊಡದಾಳ" ಎಂದು ಹುಲಿಗೆಮ್ಮ ಕಂಡಕಂಡವರಿಗೆಲ್ಲ ಹೇಳಿಕೊಂಡಳು. ಅವಳು ರೊಟ್ಟಿ ಕೇಂದ್ರ ನಡೆಸುತ್ತಿದ್ದವಳು. ಹೆಂಗಸರನ್ನು ಕೂಡಿಸಿಕೊಂಡು ಕಡಕ್ ರೊಟ್ಟಿ ಬಡಿದು ಹೊಸಪೇಟೆಯವರೆಗೂ ಕಳಿಸುತ್ತಿದ್ದಳು. ಉಪಗ್ರಹ ಹಾಯುವ ದಿನ ಯಾವುದೆಂದು ತಂಗಿಯಿಂದ ಕೇಳಿಕೊಂಡು, ಅವತ್ತು ಬೆಳಿಗ್ಗೆ ಎಷ್ಟೇ ಕೆಲಸವಿರಲಿ ಅವ್ವ ಹಳೆ ಸೀರೆ ಜೋಡಿಸಿ ಹೊಲಿದ ಕೆಂಪು ಅಂಚಿನ ಕೌದಿಯನ್ನು ಮಾಳಿಗೆಯ ಮೇಲೆ ಹಾಸುತ್ತಿದ್ದಳು. ಪರದೆಯ ಮೇಲೆ ಅದು ಸಾಸಿವೆಯಷ್ಟು ಕೆಂಪಾಗಿ ಕಾಣುತ್ತಿತ್ತು. ಅದು ಕಂಡರೆ ಅಕ್ಕ ಚೆನ್ನಾಗಿದ್ದಾಳೆ ಎಂದು ಅರ್ಥ. ಪಂಪಾವತಿ ಒಂದು ಗಳಿಗೆ ನೋಡಿ ಮುಂದಿನ ತುಂಡಿಗೆ ಹೋಗುತ್ತಿದ್ದಳು.

ಒಂದು ಸಂಜೆ ಫೋನಿನಲ್ಲಿ ಮಾತಾಡುತ್ತಾ ಹುಲಿಗೆಮ್ಮ ಸುಮ್ಮನೆ ಒಂದು ಮಾತು ಹೇಳಿದಳು. "ಅರಿವಿ ಒಣ ಹಾಕೋ ತಂತಿ ಮತ್ತ ಹರೀತು ನೋಡ ಪಂಪಿ. ನಿಮ್ಮ ಮಾವ ಇನ್ನೊಂದು ತುಂಡು ಜೋಡಿಸ್ಯಾರ."

"ಹಳೇದಾಗಿರ್ತೈತಿ ಬಿಡಕ್ಕ. ಹೊಸಾದು ತರಸು."

"ಹೊಸಾದ ಬೇ ಅದು! ಕಟ್ಟಿದಾಗ ಜೋತು ಬಿದ್ದಿರ್ತೈತಿ. ಬರಬರತ ಬಿಗೀತೈತಿ. ಬೆರಳಿಂದ ಮೀಟಿದ್ರ ಟಂಯ್ ಅಂತೈತಿ. ಆಮ್ಯಾಲ ಹರೀತೈತಿ. ಅದೇನು ತಂತಿನೋ ಏನು ದೆವ್ವಾನೋ."

ಪಂಪಾವತಿ ನಕ್ಕಳು. ನಗುತ್ತಿರುವಾಗಲೇ ತಂತಿ ಕಟ್ಟಿದ ಜಾಗ ನೆನಪಿಗೆ ಬಂತು. ಬಟ್ಟೆ ಒಣಗಿಸುವ ಆ ತಂತಿಯ ಒಂದು ತುದಿ ಅಕ್ಕನ ಮನೆಯ ಗೋಡೆಗೆ. ಇನ್ನೊಂದು ತುದಿ ಮನೆಗಿಂತ ಮೇಲೆ ಏರಿನಲ್ಲಿರುವ, ಹಿಂದೆ ಅದಿರು ಸಾಗಿಸುತ್ತಿದ್ದ ಹಳೆ ರೋಪ್‌ವೇ ಕಂಬಕ್ಕೆ. ಆ ಕಂಬವನ್ನು ಗಣಿ ಶುರುವಾದ ಕಾಲದಲ್ಲಿ ನಿಜವಾದ ಬೆಟ್ಟದ ಬಂಡೆ ಕೊರೆದು ನಿಲ್ಲಿಸಿದ್ದರು. ಮನೆ ನಿಂತದ್ದು ಸುರಿದ ಮಣ್ಣಿನ ಮೇಲೆ. ಕಂಬ ನಡೆಯಲಾರದು. ಹಾಗಾದರೆ ನಡೆಯುತ್ತಿರುವುದು ಯಾವುದು?

"ಅಕ್ಕ, ರಸ್ತಿ ಬಿರುಕು ಬಿಟ್ಟೈತೇನು?"

"ಬಿಡ್ತಾನ ಇರ್ತೈತಿ. ಗಣಿಯವರು ಮಣ್ಣು ಸುರದು ಮುಚ್ಚತಾರ. ಯಾಕ?"

ಯಾಕೆ ಎಂದು ಹೇಳುವ ಧೈರ್ಯ ಅವಳಿಗೆ ಆಗ ಬರಲಿಲ್ಲ. ಸುಮ್ಮನೆ ಕೇಳಿದೆ ಎಂದಳು.

ಮುಂದಿನ ಸಲ ಕರಡಿಕೊಳ್ಳದ ಹಸಿ ಚಿತ್ರ ಬಂದಾಗ ಪಂಪಾವತಿ ಅದಕ್ಕೆ ಸಮ್ಮತಿ ಒತ್ತದೆ ತಡೆದು ಹಿಡಿದಳು. ತನ್ನ ಮೊಳೆಗಳನ್ನು ಬದಿಗಿಟ್ಟು, ರೋಪ್‌ವೇ ಕಂಬವನ್ನೂ ಆಚೆಯ ಬಂಡೆಗಳನ್ನೂ ಹಿಡಿದು ಚಿತ್ರವನ್ನು ಹಳೆಯ ಪಟದ ಮೇಲೆ ಕೂರಿಸಿದಳು. ಕಂಬದ ಮೇಲೆ ಕಂಬ ಕೂತಿತು. ಬಂಡೆಗಳ ಮೇಲೆ ಬಂಡೆಗಳು ಕೂತವು. ಮೇಲಿನ ಲೈನು ಮಾತ್ರ ಕೂರಲಿಲ್ಲ. ಅಕ್ಕನ ಮನೆ ಇದ್ದ ಜಾಗಕ್ಕೂ ಈಗ ಇರುವ ಜಾಗಕ್ಕೂ ನಡುವೆ ಒಂದು ಎಮ್ಮೆ ಕಟ್ಟುವಷ್ಟು ಅಂತರವಿತ್ತು. ಮನೆ, ಶಾಲೆ, ಗುಡಿ, ಟ್ಯಾಂಕು ಎಲ್ಲ ಒಟ್ಟಿಗೆ, ಸದ್ದಿಲ್ಲದೆ, ಕೆಳಮುಖವಾಗಿ ಹೊರಟಿದ್ದವು.

ಅವಳಿಗೆ ಎಲ್ಲ ಅರ್ಥವಾಯಿತು. ಆ ತುಂಡು ಅವತ್ತು ಹಟ ಹಿಡಿದದ್ದು ಸುಮ್ಮನೆ ಅಲ್ಲ. ಅವತ್ತೇ ನೆಲ ಜಾರುತ್ತಿತ್ತು, ಯಂತ್ರ ಅದನ್ನೇ ಹೇಳುತ್ತಿತ್ತು. ಇವಳು ಕ್ಯಾಮೆರಾದ ಸೊಟ್ಟವೆಂದು ತಿಳಿದು ಜಾರುವ ನೆಲಕ್ಕೇ ಮೊಳೆ ಹೊಡೆದು ಅದರ ಬಾಯಿ ಮುಚ್ಚಿಸಿದ್ದಳು. ಅಂದಿನಿಂದ ಪ್ರತಿ ಸಲವೂ ಯಂತ್ರ ಜಾರಿದ ಊರನ್ನು ಎಳೆದೆಳೆದು ಹಳೆ ಜಾಗದಲ್ಲಿ ಕೂರಿಸಿ "ಬದಲಾವಣೆ ಇಲ್ಲ" ಎಂದು ಹಸಿರು ಬಳಿಯುತ್ತಿತ್ತು. ಪಂಪಾವತಿ ಎದ್ದಳು. ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಮೇಲಧಿಕಾರಿ ಫಣೀಂದ್ರರ ಕೋಣೆಗೆ ನಡೆದಳು.

ಫಣೀಂದ್ರ ಕೆಟ್ಟವರಲ್ಲ. ಪರದೆಯನ್ನು ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. "ನೀವು ಹೇಳ್ತಿರೋದು ನಿಜ ಅಂತ ಕಾಣುತ್ತಮ್ಮ" ಎಂದರು.

"ಹಾಗಾದ್ರೆ ಮೊಳೆ ತೆಗೀತೀನಿ ಸರ್."

"ತೆಗೆಯೋಕೆ ನಿಮಗೂ ಅಧಿಕಾರ ಇಲ್ಲ, ನನಗೂ ಇಲ್ಲ. ಆ ತುಂಡಿಗೆ ಪಕ್ಕದ ತುಂಡು ಅಂಟಿದೆ, ಅದಕ್ಕೆ ಅದರ ಪಕ್ಕದ್ದು. ಅರ್ಧ ಜಿಲ್ಲೆ ನಿಮ್ಮ ಮೊಳೆಗಳ ಮೇಲೆ ನೇತಾಡ್ತಿದೆ. ಕೈಮೊಳೆ ತೆಗೆಯೋಕೆ ಏಕಪಟ ಮಂಡಳಿ ಅನುಮತಿ ಬೇಕು."

"ಕೇಳೋಣ ಸರ್. ಈಗ್ಲೇ ಕೇಳೋಣ."

"ಕೇಳ್ತೀನಿ. ಆದರೆ ಅವರು ಸಾಕ್ಷಿ ಕೇಳ್ತಾರೆ. ನೆಲ ಬದಲಾಗಿದೆ ಅನ್ನೋಕೆ ಏಕಪಟದಲ್ಲಿ ಬದಲಾವಣೆ ಕಾಣಬೇಕು."

"ಏಕಪಟದಲ್ಲಿ ಹೇಗೆ ಕಾಣುತ್ತೆ ಸರ್? ಮೊಳೆ ಅದನ್ನ ಕಾಣೋಕೇ ಬಿಡ್ತಿಲ್ವಲ್ಲ!"

"ಗೊತ್ತು" ಎಂದರು ಫಣೀಂದ್ರ, ತಗ್ಗಿದ ದನಿಯಲ್ಲಿ. "ಬರೆದು ಕಳಿಸ್ತೀನಿ. ಇನ್ನೇನು ಮಾಡೋಕಾಗುತ್ತೆ ಹೇಳಿ?"

ಹಸಿ ಚಿತ್ರವನ್ನೂ ಜೊತೆಗಿಟ್ಟು ಕಳಿಸಿದರು. ಮಂಡಳಿ ಅದನ್ನು ತೆರೆಯಲೇ ಇಲ್ಲ. ಪಟದ ಮೇಲೆ ಕೂರದ ಚಿತ್ರ ಕಾನೂನಿನ ಲೆಕ್ಕದಲ್ಲಿ ಚಿತ್ರವೇ ಅಲ್ಲ. ಉತ್ತರ ಬೇಗನೇ ಬಂತು. ಏಕಪಟದಲ್ಲಿ ಪರಿಶೀಲಿಸಲಾಗಿದೆ, ಬದಲಾವಣೆ ಇಲ್ಲ, ಮನವಿ ಮುಕ್ತಾಯ. ಅಷ್ಟು ಹೊತ್ತಿಗೆ ತಡೆದಿಟ್ಟ ಹಸಿ ಚಿತ್ರದ ಅವಧಿ ಮುಗಿದು ಅದು ತಾನಾಗಿ ಅಳಿದುಹೋಗಿತ್ತು.

ಪಂಪಾವತಿ ರಜೆ ಹಾಕಿ ಬಸ್ಸು ಹಿಡಿದು ಊರಿಗೆ ಹೋದಳು. ಮಟಮಟ ಮಧ್ಯಾಹ್ನ. ಅಕ್ಕನ ಮನೆಯ ಪಡಸಾಲೆಯಲ್ಲಿ ರೊಟ್ಟಿ ಬಡಿಯುವ ಸದ್ದು ಬೀದಿಯವರೆಗೂ ಕೇಳುತ್ತಿತ್ತು. ಅಕ್ಕನ ಗಂಡ ಮರಿಸ್ವಾಮಿ ಮಾವ ಗಣಿಯ ಪಾಳಿ ಮುಗಿಸಿ ಬಂದು ಉಣ್ಣುತ್ತಿದ್ದ. ತಂತಿಯಲ್ಲಿ ಜೋಡಿಸಿದ ತುಂಡುಗಳು ಬಿಸಿಲಿಗೆ ಹೊಳೆಯುತ್ತಿದ್ದವು. ನೀರೂ ಕುಡಿಯದೆ ಅವಳು ಇದ್ದದ್ದನ್ನೆಲ್ಲ ಹೇಳಿದಳು. ರೊಟ್ಟಿ ಬಡಿಯುವ ಕೈಗಳು ನಿಂತವು.

ಮೊದಲು ಮಾತಾಡಿದವನು ಮರಿಸ್ವಾಮಿ. ಕೈ ತೊಳೆದು ಫೋನು ತೆಗೆದು ಏಕಪಟ ತೋರಿಸಿದ. "ಹಸರು ಐತಲ್ಲವಾ. ಮುಂಜಾನೆ ನೋಡೀನಿ, ಈಗೂ ಹಸರ ಐತಿ."

"ಅದು ಸುಳ್ಳು ಮಾವ. ನಾನ ಮಾಡಿದ ಸುಳ್ಳು."

"ನೀ ಯಾಕ ಸುಳ್ಳು ಮಾಡ್ತಿ?" ಎಂದು ಹುಲಿಗೆಮ್ಮ ನಕ್ಕಳು. "ನಮ್ಮ ಮನಿ ಗಟ್ಟಿ ಇರಲಿ ಅಂತ ಮೊಳಿ ಹೊಡದಿ. ಈಗ ನೀನ ಬಂದು ಗಟ್ಟಿ ಇಲ್ಲ ಅಂತಿ."

ನಕ್ಷೆಯ ಮೊಳೆ ನೆಲವನ್ನು ಹಿಡಿಯುವುದಿಲ್ಲ ಎಂದು ಪಂಪಾವತಿ ಹೇಗೆ ಹೇಳಿದರೂ ಅವರ ತಲೆಗೆ ಹೋಗಲಿಲ್ಲ. ಅವರನ್ನು ದಡ್ಡರೆನ್ನುವ ಹಾಗೂ ಇರಲಿಲ್ಲ. ಅಪಾಯವೆಂದು ಪಟದಲ್ಲಿ ಊರು ಕೆಂಪಾಗದೆ ಗಣಿಯವರು ಬೇರೆ ಮನೆ ಕೊಡುವುದಿಲ್ಲ, ಪಂಚಾಯಿತಿಯವರು ಜಾಗ ಕೊಡುವುದಿಲ್ಲ. ಹಸಿರು ಊರಿನಿಂದ ಮೂಟೆ ಹೊತ್ತು ಹೊರಟವರನ್ನು ಯಾರು ಒಳಗೆ ಕರೆದಾರು? ಅವರ ಧೈರ್ಯಕ್ಕೆ ಇದ್ದ ಆಧಾರವೂ ಇವಳೇ. ನಮ್ಮ ಹುಡುಗಿಯೇ ಮೇಲೆ ಕೂತು ನೋಡಿಕೊಳ್ಳುತ್ತಿರುವಾಗ ನಮಗೇನಾಗುತ್ತದೆ ಎಂದು ಅವರೆಲ್ಲ ಇಷ್ಟು ದಿನ ಆರಾಮಾಗಿ ಮಲಗಿದ್ದರು.

ಕೊನೆಗೆ ಅವಳು ಒಂದು ಉಪಾಯ ಹೇಳಿದಳು. ಉಪಗ್ರಹ ಹಾಯುವ ದಿನ ಧ್ವಜಕಟ್ಟೆ, ಟ್ಯಾಂಕು, ಗುಡಿಯ ಕಲ್ಲು, ಮಾಳಿಗೆ ಎಲ್ಲದರ ಮೇಲೂ ತಾಡಪತ್ರಿ ಮುಚ್ಚಿಬಿಡುವುದು. ಮೊಳೆ ಸಿಗದೆ ಯಂತ್ರ ಗಾಬರಿಯಾಗಲಿ, ಯಾರಾದರೂ ಬಂದು ನೋಡಲಿ. ಅಕ್ಕನಿಗೆ ನಂಬಿಕೆ ಇರಲಿಲ್ಲ, ಆದರೂ ತಂಗಿಯ ಕಣ್ಣೀರು ನೋಡಲಾರದೆ ಒಪ್ಪಿದಳು. ಲೈನಿನವರೆಲ್ಲ ಸೇರಿ ತಾಡಪತ್ರಿ ಕಟ್ಟಿದರು.

ದಾವಣಗೆರೆಗೆ ಮರಳಿದ ಪಂಪಾವತಿ ಪರದೆಯ ಮುಂದೆ ಕೂತಳು. ಯಂತ್ರ ಮೊಳೆ ಹುಡುಕಿತು, ಸಿಗಲಿಲ್ಲ. ಗಾಬರಿಯೇನೂ ಆಗಲಿಲ್ಲ. "ಮೋಡ ಮುಸುಕಿದೆ. ಹಿಂದಿನ ಚಿತ್ರವನ್ನೇ ಉಳಿಸಲಾಗಿದೆ" ಎಂದು ಬರೆದು ಮುಂದಿನ ತುಂಡಿಗೆ ಹೋಯಿತು. ಹಿಂದಿನ ಚಿತ್ರದಲ್ಲಿ ಮಾಳಿಗೆಯ ಮೇಲೆ ಕೆಂಪು ಚುಕ್ಕೆ ಹಾಗೇ ಇತ್ತು. ಅವಳು ಮೇಜಿನ ಮೇಲೆ ತಲೆಯಿಟ್ಟು ಅತ್ತಳು.

"ನೀನರ ಬಂದುಬಿಡಕ್ಕ, ನನ್ನ ಕೂಡ ನಾಕು ದಿನ ಇರು" ಎಂದು ಫೋನಿನಲ್ಲಿ ಗೋಗರೆದಳು.

"ಬರ್ತೀನಿ ಬಿಡವಾ. ಕಂಪ್ಲಿಯವರ ಮದುವಿ ರೊಟ್ಟಿ ಐತಿ, ಅದೊಂದು ಮುಗಸಿ ಬರ್ತೀನಿ. ಕೌದೀನೂ ತರ್ಲೇನು? ನಿಮ್ಮಲ್ಲಿ ಥಂಡಿ ಅಂತಿದ್ದಿ."

"ತಗೊಂಡು ಬಾ" ಎಂದಳು ಪಂಪಾವತಿ. ಅದೇ ಕೊನೆಯ ಮಾತು.

ಆಮೇಲೆ ಮಳೆ ಹಿಡಿಯಿತು. ಕರಡಿಕೊಳ್ಳದಲ್ಲಿ ಬಿಡದೆ ಸುರಿಯುತ್ತಿದೆ ಎಂದು ತಿಳಿದಾಗಿನಿಂದ ಅವಳಿಗೆ ಊಟ ಸೇರುತ್ತಿರಲಿಲ್ಲ. ಒಂದು ದಿನ ಬೆಳಿಗ್ಗೆ ಚಹಾದ ಹೊತ್ತಿಗೆ ಅಕ್ಕನ ಫೋನು ಹತ್ತಲಿಲ್ಲ. ರೊಟ್ಟಿ ಕೇಂದ್ರದ ಯಾರ ಫೋನೂ ಹತ್ತಲಿಲ್ಲ. ಕೊನೆಗೆ ಮರಿಸ್ವಾಮಿಯದು ಹತ್ತಿತು. ಅವನು ಗಣಿಯ ಆಚೆ ಮಗ್ಗುಲಿನಲ್ಲಿ ಪಾಳಿಯಲ್ಲಿದ್ದ. ಕೂಗುತ್ತಿದ್ದನೋ ಅಳುತ್ತಿದ್ದನೋ ತಿಳಿಯಲಿಲ್ಲ. "ಪಂಪವ್ವಾ, ಮ್ಯಾಲಿನ ಲೈನ ಇಲ್ಲವಾ. ಬರೇ ಮಣ್ಣು. ಎಲ್ಲ ಪಕ್ಕದ ಹಳ್ಳಕ್ಕ ಇಳಿದೈತಿ. ಯಾರನ್ನರ ಕಳಸವಾ."

ಅವಳು ರಕ್ಷಣಾ ಕಚೇರಿಗೆ ಫೋನು ಮಾಡಿದಳು. ಅಲ್ಲಿದ್ದವನು ಪಟ ನೋಡಿ, ಬಹಳ ಮರ್ಯಾದೆಯಿಂದ, "ಮೇಡಂ, ಕರಡಿಕೊಳ್ಳ ಹಸಿರೇ ತೋರಿಸ್ತಾ ಇದೆ. ಕೆಂಪಾದ ಕೂಡ್ಲೇ ಗಾಡಿ ತಾನೇ ಹೊರಡುತ್ತೆ" ಎಂದ. ಅವಳು ಕಿರುಚಿದಳು. ಫಣೀಂದ್ರ ಫೋನು ಕಸಿದುಕೊಂಡು ತಾವೂ ಕಿರುಚಿದರು. ಅವರು ಅಷ್ಟು ದೊಡ್ಡ ದನಿ ತೆಗೆದದ್ದನ್ನು ಆ ಕೋಣೆಯಲ್ಲಿ ಯಾರೂ ಕೇಳಿರಲಿಲ್ಲ. ಗುರುತಿದ್ದವರಿಗೆಲ್ಲ ಹೇಳಿಸಿ ಗಾಡಿ ಹೊರಡಿಸುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಅಷ್ಟರೊಳಗೆ ಗಣಿಯವರೂ ಕೆಳಗಿನ ಲೈನಿನವರೂ ಕೈಯಲ್ಲೇ ಮಣ್ಣು ತೋಡಿ ಕೆಲವರನ್ನು ಎಳೆದು ತೆಗೆದಿದ್ದರು. ಹುಲಿಗೆಮ್ಮ ಸಿಗಲಿಲ್ಲ. ಕಂಪ್ಲಿಯ ಮದುವೆಯ ರೊಟ್ಟಿ ಬಡಿಯುತ್ತ ಕೂತಿದ್ದ ಯಾರೂ ಸಿಗಲಿಲ್ಲ.

ಮಳೆ ನಿಂತ ಮೇಲೆ ಉಪಗ್ರಹ ಮತ್ತೆ ಹಾಯಿತು. ಯಂತ್ರ ಮೊಳೆ ಹುಡುಕಿತು. ಕಟ್ಟೆ ಇಲ್ಲ, ಟ್ಯಾಂಕಿಲ್ಲ, ಕಲ್ಲಿಲ್ಲ, ಮಾಳಿಗೆ ಇಲ್ಲ. "ಮೋಡ ಮುಸುಕಿದೆ" ಎಂದು ಬರೆದುಕೊಂಡಿತು. ಮುಂದಿನ ಸಲವೂ ಹಾಗೇ ಬರೆದುಕೊಂಡಿತು. ಏಕಪಟದಲ್ಲಿ ಮೇಲಿನ ಲೈನು ಹಸಿರಾಗಿ ನಿಂತೇ ಇತ್ತು, ಮಾಳಿಗೆಯ ಮೇಲೆ ಕೌದಿ ಬಿಸಿಲು ಕಾಯುತ್ತಲೇ ಇತ್ತು. ಮರಿಸ್ವಾಮಿ ಈಗ ಕೆಳಗಿನ ಲೈನಿನಲ್ಲಿ ತಮ್ಮನ ಮನೆಯಲ್ಲಿದ್ದ. ದಿನಾ ಬೆಳಿಗ್ಗೆ ಫೋನು ತೆರೆದು ಆ ಚುಕ್ಕೆಯನ್ನು ದೊಡ್ಡದು ಮಾಡಿ ನೋಡುತ್ತಿದ್ದ. ಹುಲಿಗೆಮ್ಮನದೆಂದು ಅವನಿಗೆ ಉಳಿದದ್ದು ಅದೊಂದೇ. ಪಂಪಾವತಿಯೂ ನೋಡುತ್ತಿದ್ದಳು. ನೋಡಿದರೆ ಎದೆ ಹಿಂಡುತ್ತಿತ್ತು, ನೋಡದಿದ್ದರೆ ಇನ್ನೂ ಹೆಚ್ಚು ಹಿಂಡುತ್ತಿತ್ತು.

ಅವಳು ಎಷ್ಟು ಗೋಗರೆದರೂ ಬಾರದ ಅನುಮತಿ ಆಮೇಲೆ ಬಂತು. ಮೊಳೆ ಹೊಡೆದ ವಸ್ತುಗಳೇ ಇಲ್ಲವೆಂದು ಪೊಲೀಸರು ದೃಢಪಡಿಸಿದ್ದರಿಂದ ಕೈಮೊಳೆಗಳನ್ನು ತೆಗೆಯಬಹುದು ಎಂದು ಮಂಡಳಿ ತಿಳಿಸಿತ್ತು. ಹೊಡೆದವರೇ ತೆಗೆಯಬೇಕು ಎಂಬುದು ನಿಯಮ. ಫಣೀಂದ್ರ ಅವಳ ಪಕ್ಕ ಕುರ್ಚಿ ಎಳೆದುಕೊಂಡು ಕೂತರು.

ಕಟ್ಟೆಯದನ್ನು ತೆಗೆದಳು. ಟ್ಯಾಂಕಿನದನ್ನು, ಗುಡಿಯ ಕಲ್ಲಿನದನ್ನು ತೆಗೆದಳು. ಮಾಳಿಗೆಯ ಮೂಲೆಯದು ಉಳಿಯಿತು. "ತೆಗೆಯಬೇಕೇ? ಹಿಂದಿನ ಚಿತ್ರ ಅಳಿಯುತ್ತದೆ" ಎಂದು ಪರದೆ ಕೇಳಿತು. ಅವಳ ಬೆರಳು ಏಳಲಿಲ್ಲ.

"ಬೇಕಾದ್ರೆ ನಾಳೆ ಮಾಡಿ" ಎಂದರು ಫಣೀಂದ್ರ.

"ನಾಳೆ ಅಂದ್ರೆ ಆಗಲ್ಲ ಸರ್" ಎಂದಳು. ಕೆಳಗಿನ ಲೈನೂ ಅದೇ ತುಂಡಿನಲ್ಲಿತ್ತು. ಅವರ ತಲೆಯ ಮೇಲೆ ಅರ್ಧ ಗುಡ್ಡ ಇನ್ನೂ ನಿಂತಿತ್ತು. ಮೇಲಿನವರು ಹೋದದ್ದನ್ನು ಕಣ್ಣಾರೆ ಕಂಡವರು ಗಣಿಯ ಕಚೇರಿಗೆ ಎಷ್ಟು ಅಲೆದರೂ, ಪಟದಲ್ಲಿ ನೀವು ಹಸಿರಿದ್ದೀರಿ ಎಂಬ ಉತ್ತರವೇ ಸಿಗುತ್ತಿತ್ತು. ಈ ಒಂದು ಮೊಳೆ ಇರುವವರೆಗೂ ಹಸಿರೇ.

ಪಂಪಾವತಿ ಆ ಕೆಂಪು ಚುಕ್ಕೆಯ ಮೇಲೆ ಕೈಯಿಟ್ಟಳು. ಗಾಜು ತಣ್ಣಗಿತ್ತು. ಕೈ ತೆಗೆದು ಹೌದು ಎಂದು ಒತ್ತಿದಳು.

ಹೊಸ ಚಿತ್ರ ಕಂಬ ಬಂಡೆಗಳನ್ನು ಹಿಡಿದು ನಿಧಾನವಾಗಿ ಬಂದು ಕೂತಿತು. ಮೇಲಿನ ಲೈನು ಇದ್ದಲ್ಲಿ ಹಸಿ ಮಣ್ಣು ಬಾಯಿ ತೆರೆದುಕೊಂಡಿತ್ತು. ರೋಪ್‌ವೇ ಕಂಬ ಒಂದೇ ನಿಂತಿತ್ತು. ಹಸಿರು ಹೋಗಿ ಗುಡ್ಡದ ಬುಡದವರೆಗೂ ಎಲ್ಲ ಕೆಂಪಾಯಿತು. ಸ್ವಲ್ಪ ಹೊತ್ತಿಗೆ ಅವಳ ಫೋನು ಹೊಡೆದುಕೊಂಡಿತು.

"ಪಂಪವ್ವಾ" ಎಂದ ಮರಿಸ್ವಾಮಿ. "ನಿಮ್ಮಕ್ಕನ ಕೌದಿ ಕಾಣವಲ್ದು. ಎಲ್ಲಿ ಹೋತು ನೋಡವಾ."

"ನಾನ ತೆಗದೆ ಮಾವ."

ಕೌದಿ ಇದ್ದ ಜಾಗದಿಂದ ಗುಡ್ಡದ ಬುಡದವರೆಗೆ ಅವಳು ಪರದೆಯ ಮೇಲೆ ಬೆರಳು ಎಳೆದಳು.

"ನೀವಿರೋ ಮನಿ ಯಾವ ಬಣ್ಣ ಐತಿ, ನೋಡ್ರಿ ಮಾವ."

"ಕೆಂಪ" ಎಂದ ಅವನು.

"ಹಂಗಾರ ಎಲ್ಲಾರನ್ನೂ ಕರಕೊಂಡು ಹೊರಡ್ರಿ. ಈಗ ಖರೇನ ತೋರಸಾಕ ಹತ್ತೈತಿ."

ಅವನು ಫೋನು ಇಡಲು ಮರೆತ. ಅವನು ಹೊರಗೆ ಬಂದು ಮನೆಮನೆಯ ಬಾಗಿಲು ಬಡಿಯುವುದು, ಹೆಸರು ಹಿಡಿದು ಒಬ್ಬೊಬ್ಬರನ್ನೇ ಕೂಗುವುದು, ಪಾತ್ರೆಗಳನ್ನು ಚೀಲಕ್ಕೆ ತುಂಬುವ ಸದ್ದು, ಎಲ್ಲವನ್ನೂ ಪಂಪಾವತಿ ಕಿವಿಗೊಟ್ಟು ಕೇಳುತ್ತ ಕೂತಳು. ಕೂಗುವ ಭರದಲ್ಲಿ ಅವನು ಒಂದು ಸಲ ಹುಲಿಗೆಮ್ಮನ ಹೆಸರನ್ನೂ ಕೂಗಿದ.